ನೋಡಿದ ಋಣ

ಹೋದ ವರ್ಷದ ಕೊನೆಯಲ್ಲಿ ನನ್ನ ಅಕ್ಕನ ಮಗ ಅಮೆರಿಕದಿಂದ ಹೆಂಡತಿ ಮಗಳೊಡನೆ ಊರಿಗೆ ಬಂದಿದ್ದ. ಬಂದ ಮೊದಲ ಸಂಜೆಯೇ ನಮ್ಮನ್ನೆಲ್ಲ ನಡುಮನೆಯಲ್ಲಿ ಕೂರಿಸಿಕೊಂಡು, ತಾನು ಸುತ್ತಿ ಬಂದ ರಾಷ್ಟ್ರೀಯ ಉದ್ಯಾನಗಳ ಚಿತ್ರಗಳನ್ನು ತೋರಿಸಲು ಮೊದಲು ಮಾಡಿದ. ಯೊಸೆಮಿಟಿಯ ಬೋಳು ಬಂಡೆ, ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆ, ಹಿಮದಲ್ಲಿ ಮೋರೆ ಹುದುಗಿಸಿ ಹುಲ್ಲು ಹುಡುಕುತ್ತಿರುವ ಕಾಡೆಮ್ಮೆ. ಒಂದಾದ ಮೇಲೊಂದು ಬಂದವು. ಕಾಫಿ ಎರಡು ಸುತ್ತು ಆಯಿತು. ಚಿತ್ರಗಳು ನಿಜವಾಗಿ ಚೆನ್ನಾಗಿದ್ದವು. ಆದರೆ ಪ್ರಾಣಿಗಳು ಮಾತ್ರ ಎಲ್ಲದರಲ್ಲಿಯೂ ಸಣ್ಣಗೆ, ದೂರದಲ್ಲಿದ್ದವು. ನನ್ನ ಹೆಂಡತಿ, "ಸ್ವಲ್ಪ ಹತ್ತಿರ ಹೋಗಿ ತೆಗೆಯಬಾರದಾಗಿತ್ತೇನಪ್ಪ?" ಎಂದಳು.

"ಹೋಗೋ ಹಾಗಿಲ್ಲ ಅತ್ತೆ. ಕರಡಿಗೂ ತೋಳಕ್ಕೂ ನೂರು ಗಜ ದೂರ ನಿಂತೇ ನೋಡಬೇಕು. ಕಾಡೆಮ್ಮೆಗೆ ಇಪ್ಪತ್ತೈದು ಗಜ. ಅದೇ ನಮ್ಮ ಕಡೆ ನಡೆದು ಬಂದರೂ ನಾವೇ ಹಿಂದಕ್ಕೆ ಸರೀಬೇಕು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಕಡೆ ನೋಡೋಕೆ ಏನಿದೆ ಮಾವ?" ಎಂದು ಕೇಳಿದ.

ಏನಿದೆ ಎಂದರೆ ಸುಮ್ಮನಿರಲಾದೀತೆ? ಊರಭಿಮಾನ ಕೆರಳಿತು. ಶ್ರೀರಂಗಪಟ್ಟಣದ ಮಗ್ಗುಲಲ್ಲಿ ರಂಗನತಿಟ್ಟು. ಪಾಂಡವಪುರದ ಮೇಲುಕೋಟೆಯಿಂದ ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಗೆ ಚಾಚಿಕೊಂಡ ಕುರುಚಲು ಗುಡ್ಡಗಳಲ್ಲಿ ತೋಳಕ್ಕೆಂದು ಕಾದಿಟ್ಟ ಕಾಡು. ನಾಗಮಂಗಲದ ಆದಿಚುಂಚನಗಿರಿಯಲ್ಲಿ ನವಿಲಿನ ಗುಡ್ಡ. ನಾಲ್ಕು ತಾಲ್ಲೂಕಿಗೆ ಮೂರು. ನಮ್ಮ ಸೀಮೆ ಕಾಡಿಗಿಂತ ಕವಿಗಳಿಗೆ ಹೆಸರಾದದ್ದು. ಮೇಲುಕೋಟೆ ಪು.ತಿ.ನ. ಅವರನ್ನು ಕೊಟ್ಟಿತು, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ನರಸಿಂಹಸ್ವಾಮಿಯವರನ್ನೂ ಅಕ್ಕಿಹೆಬ್ಬಾಳು ಮೂರ್ತಿರಾಯರನ್ನೂ ಕೊಟ್ಟಿತು. ಆದರೂ ಕಾಡಿನ ಲೆಕ್ಕದಲ್ಲಿ ನಾವು ತೀರ ಬಡವರಲ್ಲ ಎಂದು ಅವನಿಗೆ ತೋರಿಸಬೇಕೆನಿಸಿತು. ಗಾತ್ರದ ಮಾತು ಬೇರೆ. ಯೆಲ್ಲೋಸ್ಟೋನು ಸುಮಾರು 9,000 ಚದರ ಕಿಲೋಮೀಟರು; ನಮ್ಮ ಇಡೀ ಮಂಡ್ಯ ಜಿಲ್ಲೆಯನ್ನು ಅದರೊಳಗೆ ಇಟ್ಟರೂ ಮಿಕ್ಕ ಜಾಗದಲ್ಲಿ ಮುಕ್ಕಾಲು ಪಾಲು ಇನ್ನೊಂದು ಮಂಡ್ಯ ಹಿಡಿಸುತ್ತದೆ. ಮೇಲುಕೋಟೆಯ ಧಾಮ ಸುಮಾರು 50 ಚದರ ಕಿಲೋಮೀಟರು. ರಂಗನತಿಟ್ಟೂ ಆದಿಚುಂಚನಗಿರಿಯೂ ಒಂದೊಂದು ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ.

"ನಾಳೆಯೇ ರಂಗನತಿಟ್ಟಿಗೆ ಹೋಗೋಣ" ಎಂದೆ. ಎಲ್ಲರೂ ಒಪ್ಪಿ ಮಲಗಲು ಹೋದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಆ ನೂರು ಗಜದ ಮಾತು ಚುಚ್ಚುತ್ತಿತ್ತು.

ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಪಾಠ ಹೇಳುವ ಉತ್ಸಾಹ ಇನ್ನೂ ಆರಿರಲಿಲ್ಲ. ತರಗತಿಯಲ್ಲಿ ಕುವೆಂಪು ಅವರ 'ದೇವರು ರುಜು ಮಾಡಿದನು' ನಡೆಯುತ್ತಿತ್ತು. ಆಕಾಶದಲ್ಲಿ ಸಾಲುಗಟ್ಟಿ ಹೋಗುವ ಹಕ್ಕಿಗಳನ್ನು ಕವಿ ದೇವರ ಸಹಿಯಾಗಿ ಕಂಡದ್ದನ್ನು ಗೋಡೆಗಳ ನಡುವೆ ಹೇಗೆ ವಿವರಿಸುವುದು? ಫೆಬ್ರವರಿಯ ಒಂದು ಶನಿವಾರ ಮೂವತ್ತು ಮಂದಿ ವಿದ್ಯಾರ್ಥಿಗಳನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋದೆ. ಗೂಡಿನ ಕಾಲ. ನಡುಗಡ್ಡೆಯ ಮರಗಳ ತುಂಬ ಬಣ್ಣದ ಕೊಕ್ಕರೆಗಳು. ಒಂದೊಂದು ಗೂಡಿನಲ್ಲಿ ಒಂದೊಂದು ತಾಯಿ, ಮೊಟ್ಟೆಯ ಮೇಲೋ ಮರಿಯ ಮೇಲೋ ರೆಕ್ಕೆ ಹರಡಿ ಬಿಸಿಲಿಗೆ ಮರೆಯಾಗಿ ಕೂತಿತ್ತು. ನೀರಂಚಿನ ಬಂಡೆಯ ಮೇಲೆ ಮೊಸಳೆ ಬಾಯ್ದೆರೆದು ಬಿದ್ದುಕೊಂಡಿತ್ತು. ದೋಣಿಯಲ್ಲಿ ಹುಡುಗರು ಮೊಸಳೆಯನ್ನು ನೋಡಿದರು, ತಮ್ಮ ಚಿತ್ರ ತಾವೇ ತೆಗೆದುಕೊಂಡರು, ಕಡಲೆಕಾಯಿ ಸುಲಿದರು. ಹಕ್ಕಿಗಳು ಹಾರಲಿಲ್ಲ. ಕೂತೇ ಇದ್ದವು. ನನ್ನ ಪದ್ಯ ಕೂತ ಹಕ್ಕಿಯದಲ್ಲ, ಹಾರುವ ಹಕ್ಕಿಯದು.

ನಾನು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ.

ಮೇಷ್ಟರೇ ತಟ್ಟಿದ ಮೇಲೆ ಕೇಳುವುದೇನು? ಹುಡುಗರೂ ತಟ್ಟಿದರು, ಒಬ್ಬ ಸಿಳ್ಳು ಹಾಕಿದ. "ಬ್ಯಾಡಿ ಸಾ, ಬ್ಯಾಡಿ" ಎಂದು ದೋಣಿಯವನು ಹೇಳಿದ್ದು ಆ ಸದ್ದಿನಲ್ಲಿ ಮುಳುಗಿಹೋಯಿತು. ಮರಕ್ಕೆ ಮರವೇ ಎದ್ದಂತೆ ಹಕ್ಕಿಗಳು ಎದ್ದವು. ಬಿಳಿಯ ಮೈ, ಕಪ್ಪು ಗೆರೆ, ಬಾಲದ ಬುಡದಲ್ಲಿ ಗುಲಾಬಿ, ಆಕಾಶ ತುಂಬಿಹೋಯಿತು. ಅದು ಸುಂದರವಾಗಿರಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ. ನಾನು ಇಂದಿಗೂ ಅಂಥ ಇನ್ನೊಂದು ನೋಟವನ್ನು ಕಂಡಿಲ್ಲ. ಆಗಲೇ ಎಲ್ಲಿಂದಲೋ ಎರಡು ಕಾಗೆಗಳು ಬಂದವು. ಅವಸರವೇ ಇಲ್ಲದೆ ಒಂದು ಗೂಡಿನ ಅಂಚಿನಲ್ಲಿ ಕೂತು, ಬಗ್ಗಿ, ಏನನ್ನೋ ಕಚ್ಚಿಕೊಂಡು ಒಂದು ಹೊರಟುಹೋಯಿತು.

ಮುಂದಿನ ಹಲಗೆಯಲ್ಲಿ ಕೂತಿದ್ದ ಒಬ್ಬ ಹುಡುಗಿ ಹಕ್ಕಿಗಳನ್ನು ಬಿಟ್ಟು ಆ ಕಾಗೆಯನ್ನೇ ನೋಡುತ್ತಿದ್ದಳು. "ಸರ್, ಅದು ಏನು ತಗೊಂಡು ಹೋಯ್ತು?" ಎಂದು ಕೇಳಿದಳು.

"ಏನೋ ಕಡ್ಡಿ ಇರಬೇಕಮ್ಮ, ಗೂಡಿಗೆ" ಎಂದೆ.

ದೋಣಿಯವನು ನನ್ನನ್ನು ಬಯ್ಯಲಿಲ್ಲ. ದಡಕ್ಕೆ ಬಂದು ಎಲ್ಲರೂ ಇಳಿದ ಮೇಲೆ, ಹುಟ್ಟನ್ನು ಒಳಗೆಳೆದುಕೊಳ್ಳುತ್ತ, "ಕಾಗೆಗೆ ಗೊತ್ತಾಯ್ತದೆ ಸಾ. ಗದ್ದಲದ ಜನ ಬಂದ್ರೆ ಅವು ಮೊದ್ಲೇ ಬಂದು ಕುಂತ್ಕತವೆ" ಎಂದ. ಅಷ್ಟೇ.

ಮೊಟ್ಟೆಯೊಂದು ಹೋದದ್ದು ದೊಡ್ಡ ಮಾತಲ್ಲ ಎನ್ನಬಹುದು. ಕಾಗೆಯೂ ಬದುಕಬೇಕು, ನಾನು ಚಪ್ಪಾಳೆ ತಟ್ಟದಿದ್ದರೂ ಅದು ಎಲ್ಲಿಯೋ ಒಂದು ಮೊಟ್ಟೆಯನ್ನು ಕದಿಯುತ್ತಿತ್ತು. ಈ ವಾದವನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಹಾಗಿದ್ದರೆ ಆ ಹುಡುಗಿಗೆ ಕಡ್ಡಿ ಎಂದು ಏಕೆ ಹೇಳಿದೆ? ತಪ್ಪಿಲ್ಲದವನು ಸುಳ್ಳು ಹೇಳುವುದಿಲ್ಲ.

ನೋಡುವುದರಿಂದ ಯಾರಿಗೂ ಏನೂ ನಷ್ಟವಿಲ್ಲ ಎಂಬುದು ನಮ್ಮಂಥ ಓದಿದವರ ದೊಡ್ಡ ನಂಬಿಕೆ. ಬೇಟೆಯಾಡುವವನು ಕೊಲ್ಲುತ್ತಾನೆ, ಸೌದೆ ಕಡಿಯುವವನು ಕಡಿಯುತ್ತಾನೆ, ದನ ಮೇಯಿಸುವವನು ಹುಲ್ಲು ತೆಗೆಯುತ್ತಾನೆ. ನಾವಾದರೋ ಬರಿಯ ಕಣ್ಣಿನಿಂದ ನೋಡಿ ಬರಿಗೈಯಲ್ಲಿ ಹಿಂದಿರುಗುತ್ತೇವೆ. ನನ್ನ ಸಹೋದ್ಯೋಗಿಯೊಬ್ಬರು, ತತ್ತ್ವಶಾಸ್ತ್ರ ಬೋಧಿಸುವವರು, ಇದಕ್ಕೆ ಅಲಂಕಾರಶಾಸ್ತ್ರದ ಬೆಂಬಲವನ್ನೂ ಕೊಡುತ್ತಿದ್ದರು. ಸಹೃದಯನ ಆನಂದದಲ್ಲಿ ಸ್ವಾರ್ಥವಿಲ್ಲ. ನನ್ನದು, ಪರರದು ಎಂಬ ಭೇದವೇ ಅಲ್ಲಿ ಅಳಿದಿರುತ್ತದೆ. ಆದುದರಿಂದ ನೋಟ ನಿರ್ದೋಷಿ ಎಂದು ಅವರ ವಾದ. ಅಭಿನವಗುಪ್ತ ಭಯಾನಕ ರಸಕ್ಕೆ ಕೊಡುವ ಉದಾಹರಣೆ ಶಾಕುಂತಲದ ಜಿಂಕೆ. ದುಷ್ಯಂತನ ರಥದ ಮುಂದೆ, ಕತ್ತು ಹೊರಳಿಸಿ ಹಿಂದೆ ನೋಡುತ್ತ ಓಡುವ ಆ ಜಿಂಕೆಯ ಭಯ ನಮ್ಮ ಮನಸ್ಸಿನಲ್ಲಿ ಯಾರ ಭಯವೂ ಅಲ್ಲದ ಶುದ್ಧ ಭಯವಾಗಿ, ರಸವಾಗಿ ಮಾಗುತ್ತದೆ.

ಒಪ್ಪಿದೆ. ಆದರೆ ರಂಗದ ಮೇಲೆ ಜಿಂಕೆಯೇ ಇಲ್ಲವಲ್ಲ! ಅಲ್ಲಿ ನಾವು ಎಷ್ಟು ನೋಡಿದರೂ ಯಾವ ಪ್ರಾಣಿಯ ಉಸಿರೂ ಕಟ್ಟುವುದಿಲ್ಲ. ಕಾವೇರಿಯ ನಡುಗಡ್ಡೆಯ ಕೊಕ್ಕರೆ ನಟಿಯಲ್ಲ. ಅದರ ಭಯ ಅದರದೇ. ಕಾವ್ಯದ ನಿಯಮವನ್ನು ಹೊಳೆಗೆ ತಂದದ್ದೇ ನನ್ನ ತಪ್ಪು. ಆ ದಿನ ನಾನು ಕೊಕ್ಕರೆಗಳನ್ನು ಪದ್ಯದ ವ್ಯಾಖ್ಯಾನವಾಗಿ ಬಳಸಿಕೊಂಡೆ.

ಶಾಕುಂತಲದಲ್ಲಿಯೇ ಇದಕ್ಕೆ ಉತ್ತರವೂ ಇದೆಯೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ನಾಟಕವನ್ನು ಪಾಠಕ್ಕಾಗಿ ತಿರುವಿಹಾಕುತ್ತಿದ್ದಾಗ ಹೊಳೆದದ್ದು. ಇದು ಆಶ್ರಮದ ಜಿಂಕೆ, ಕೊಲ್ಲಬಾರದು ಎಂದು ತಪಸ್ವಿ ತಡೆಯುತ್ತಾನೆ. ಅರಸ ಒಡನೆಯೇ ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅಲ್ಲಿಗೆ ಆಶ್ರಮಕ್ಕೆ ಅವನಿಂದ ಬರಬಹುದಾದ ಕೇಡು ತಪ್ಪಿತು ಎಂದುಕೊಳ್ಳುತ್ತೇವೆ. ಆಮೇಲೆ ಅವನು ಮಾಡುವುದೇನು? ವಿನೀತ ವೇಷದಲ್ಲಿ ಒಳಗೆ ಹೋಗಿ, ಮರದ ಮರೆಯಲ್ಲಿ ನಿಂತು ನೋಡುತ್ತಾನೆ. ಆಶ್ರಮಕ್ಕೆ ದುಃಖ ಬಂದದ್ದು ಅವನ ಬಾಣದಿಂದಲ್ಲ, ಆ ನೋಟದಿಂದ. ನೋಡಿದವನು ರಾಜಧಾನಿಗೆ ಹೋಗಿ ಮರೆತ. ನೋಡಿಸಿಕೊಂಡವಳು ಬಸುರು ಹೊತ್ತಳು. ಪ್ರವಾಸಿಯ ಕಥೆ ಇದಕ್ಕಿಂತ ಹೆಚ್ಚೇನಿದೆ?

ನಮ್ಮ ಹೆಸರುಗಳನ್ನೇ ನೋಡಿ. 'ಉದ್ಯಾನ' ಎಂಬುದು ಅಡ್ಡಾಡುವವನ ಕಡೆಯಿಂದ ಹುಟ್ಟಿದ ಮಾತು. ಸಂಜೆ ಗಾಳಿಗೆ ಹೋಗುವವನಿಗೆ ಉದ್ಯಾನ. 'ಧಾಮ' ಎಂದರೆ ಇರುವವರ ಮನೆ. 'ಅಭಯಾರಣ್ಯ' ಎಂಬ ಮಾತಂತೂ ಇನ್ನೂ ಖಾರವಾಗಿದೆ: ಅಭಯ, ಯಾರ ಭಯದಿಂದ? ರಂಗನತಿಟ್ಟು ಪಕ್ಷಿಧಾಮ, ಮೇಲುಕೋಟೆ ವನ್ಯಜೀವಿಧಾಮ, ಆದಿಚುಂಚನಗಿರಿ ನವಿಲುಧಾಮ. ಮೂರಕ್ಕೂ ಮನೆಯ ಹೆಸರು. ಇನ್ನೊಬ್ಬರ ಮನೆಗೆ ಹೋಗಿ ಚಪ್ಪಾಳೆ ತಟ್ಟಿ ಮಲಗಿದವರನ್ನು ಎಬ್ಬಿಸುವ ಅತಿಥಿಯನ್ನು ನಾವು ಏನೆಂದು ಕರೆಯುತ್ತೇವೆ?

ಅಮೆರಿಕದವರಿಗೂ ಈ ಶಿಸ್ತು ಹುಟ್ಟಿನಿಂದ ಬಂದದ್ದಲ್ಲ. ನನ್ನ ಸೋದರಳಿಯನಿಗೆ ಅದನ್ನು ಹೇಳಬೇಕಾಯಿತು. ಯೆಲ್ಲೋಸ್ಟೋನನ್ನು ಜನರ ವಿಹಾರಕ್ಕೆಂದು ಮೀಸಲಿಟ್ಟದ್ದು 1872ರಲ್ಲಿ. ಅಲ್ಲಿ ಬೇಟೆಯಾಡಿಕೊಂಡು, ಗೆಡ್ಡೆ ಕಿತ್ತುಕೊಂಡು ಬಾಳುತ್ತಿದ್ದ ಶೊಶೋನಿ ಮೊದಲಾದ ಮೂಲನಿವಾಸಿಗಳನ್ನು ಹೊರಗಟ್ಟಿದ ಮೇಲೆಯೇ ಅದು 'ಮನುಷ್ಯನ ಕೈ ಸೋಕದ' ನೆಲವಾದದ್ದು. ಯೊಸೆಮಿಟಿಯ ಕಣಿವೆಗೆ 1851ರಲ್ಲಿ ಮೊದಲು ನುಗ್ಗಿದ್ದು ಬಂದೂಕಿನ ಪಡೆ. ನೋಡುವವರು ಬಂದದ್ದು ಆಮೇಲೆ. ಯೆಲ್ಲೋಸ್ಟೋನಿನ ಹೋಟೆಲುಗಳ ತಿಪ್ಪೆಗೆ ಕರಡಿಗಳು ಬರುತ್ತಿದ್ದವು. ಅವು ಎಂಜಲು ತಿನ್ನುವುದನ್ನು ನೋಡಲು ಪ್ರವಾಸಿಗಳಿಗೆ ಸಾಲು ಸಾಲಾಗಿ ಬೆಂಚು ಹಾಕಿದ್ದರು. ಕರಡಿ ಕಾಡಿನ ಆಹಾರ ಬಿಟ್ಟು ತಿಪ್ಪೆಗೂ ಮೋಟಾರಿಗೂ ಕೈಯೊಡ್ಡುವುದನ್ನು ಕಲಿಯಿತು, ಜನರನ್ನು ಪರಚಿತು, ಗುಂಡೇಟು ತಿಂದಿತು. ಕೊನೆಗೆ 1970ರ ಸುಮಾರಿಗೆ ತಿಪ್ಪೆಗಳನ್ನೆಲ್ಲ ಮುಚ್ಚಿದರು. ತೋಳದ ಕಥೆ ಇನ್ನೂ ವಿಚಿತ್ರ. ಜನ ನೋಡಲು ಇಷ್ಟಪಟ್ಟದ್ದು ಜಿಂಕೆ ಕಡವೆಗಳನ್ನು. ಅವುಗಳನ್ನು ತಿನ್ನುವ ತೋಳ ಬೇಡವಾಯಿತು. 1926ರ ಹೊತ್ತಿಗೆ ಉದ್ಯಾನವನ್ನು ಕಾಯುವವರೇ ತೋಳಗಳನ್ನು ಕೊಂದು ಮುಗಿಸಿದರು. 1995ರಲ್ಲಿ ಕೆನಡದಿಂದ ಹಿಡಿದು ತಂದು ಮತ್ತೆ ಬಿಟ್ಟರು. ಈಗ ಅದೇ ತೋಳವನ್ನು ನೋಡಲು ಮುಂಜಾವದ ಚಳಿಯಲ್ಲಿ ದುರ್ಬೀನು ಹಿಡಿದು ಜನ ಕಾಯುತ್ತಾರೆ, ನೂರು ಗಜದ ಆಚೆ. ಆ ನೂರು ಗಜದ ಹಿಂದೆ ನೂರು ವರ್ಷದ ತಪ್ಪುಗಳಿವೆ.

ನಮ್ಮ ಮೇಲುಕೋಟೆಯ ಕಾಡನ್ನು ತೋಳಕ್ಕೆಂದು ಮೀಸಲಿಟ್ಟದ್ದು 1974ರಲ್ಲಿ. ಎರಡು ವರ್ಷ ಮುಂಚೆ, 1972ರಲ್ಲಿ ಬಂದ ವನ್ಯಜೀವಿ ಕಾಯಿದೆಯ ಬೆನ್ನಿಗೇ. ಎತ್ತರದ ಮರಗಳಿರುವ ಮಲೆನಾಡಿನ ಕಾಡಲ್ಲ ಅದು. ಬಂಡೆ, ಮುಳ್ಳು, ಒಣಹುಲ್ಲು. ವೈರಮುಡಿಗೆ ಬರುವ ಜನ ಅದನ್ನು ಕಾಡೆಂದು ಗುರುತಿಸುವುದೇ ಇಲ್ಲ. ತೋಳಕ್ಕೆ ಬೇಕಾದದ್ದು ಅಂಥದ್ದೇ ನೆಲ. ನಾಲ್ಕು ವರ್ಷದ ಹಿಂದೆ ನಾನು ತೋಳವನ್ನು ನೋಡಲೇಬೇಕೆಂದು ಎರಡು ಬೆಳಗು ಆ ಗುಡ್ಡಗಳ ತಪ್ಪಲಿನ ದಾರಿಯಲ್ಲಿ ಅಲೆದೆ. ಕೃಷ್ಣರಾಜಪೇಟೆಯ ಕಡೆಗೆ ಇಳಿಯುವ ಒಂದು ತಿರುವಿನಲ್ಲಿ ಕುರಿ ಕಾಯುವ ಮುದುಕನೊಬ್ಬ ಕಂಬಳಿ ಹೊದ್ದು ಕೂತಿದ್ದ.

"ಏನ್ ಹುಡುಕ್ತಾ ಇದ್ದೀರಿ ಸ್ವಾಮಿ?"

"ತೋಳ ಕಾಣಿಸಬಹುದೇನೋ ಎಂದು ಬಂದೆ."

"ತ್ವಾಳವಾ!" ಎಂದು ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಆಮೇಲೆ ತನ್ನ ಎರಡು ಮರಿ ಹೋದ ಸಂಗತಿ ಹೇಳಿದ. "ತ್ವಾಳಾನೋ ಚಿರತೆನೋ ಊರ್ ನಾಯೋ ನಾ ಕಾಣೆ. ಮರಿ ಓದದ್ದಂತೂ ದಿಟ." ಬೀಡಿ ಹಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ನಗುತ್ತ ಹೇಳಿದ: "ನೋಡಿ ಸ್ವಾಮಿ, ನೀವು ಅದು ಸಿಕ್ಲಿ ಅಂತ ಬತ್ತೀರಿ, ನಾನು ಸಿಕ್ದೇ ಇರ್ಲಿ ಅಂತ ಬತ್ತೀನಿ. ಚೆಲ್ವರಾಯ್ನು ಯಾರ್ ಮಾತು ಕೇಳಾನು?"

ಎರಡು ದಿನವೂ ಚೆಲುವರಾಯ ಅವನ ಮಾತನ್ನೇ ಕೇಳಿದ. ತೋಳ ನನ್ನ ಕಣ್ಣಿಗೆ ಬೀಳಲಿಲ್ಲ. ನಿರಾಶೆಯಾಯಿತು. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಆ ನಿರಾಶೆಯ ಬೆಲೆಯೆಷ್ಟೆಂದು ಯೋಚಿಸಿ ನಾಚಿಕೆಯಾಯಿತು. ನನಗೆ ನೋಡಲು ಸಿಕ್ಕಿದ್ದರೆ ಅವನಿಗೆ ಇನ್ನೊಂದು ಮರಿ ಹೋಗುತ್ತಿತ್ತೋ ಏನೋ. ತೋಳ ಉಳಿಯಬೇಕು ಎಂದು ನಾನು ಮೈಸೂರಿನ ಮನೆಯಲ್ಲಿ ಕೂತು ಹೇಳುತ್ತೇನೆ. ಹೇಳುವುದರಿಂದ ನನ್ನ ಸಂಬಳದಲ್ಲಿ ಒಂದು ಕಾಸೂ ಕಡಮೆಯಾಗುವುದಿಲ್ಲ. ತೋಳ ಉಳಿಯಬೇಕೆಂಬುದು ಆಗಲೂ ನಿಜ, ಈಗಲೂ ನಿಜ. ಅದನ್ನು ಉಳಿಸುವ ಪುಣ್ಯದಲ್ಲಿ ಎರಡು ಮರಿ ಕೊಟ್ಟವನ ಹೆಸರು ಎಲ್ಲಿಯೂ ಇಲ್ಲ, ಏನೂ ಕೊಡದ ನಾನು ಪ್ರಕೃತಿಪ್ರೇಮಿ ಎನಿಸಿಕೊಳ್ಳುತ್ತೇನೆ ಎಂಬುದೂ ಅಷ್ಟೇ ನಿಜ.

ಇದನ್ನು ಹೇಳಿದರೆ ಕೆಲವರು, ಹಾಗಾದರೆ ನೋಡುವುದನ್ನೇ ಬಿಡೋಣವೇ ಎನ್ನುತ್ತಾರೆ. ಬಿಟ್ಟರೆ ಏನಾಗುತ್ತದೆಂಬುದಕ್ಕೂ ರಂಗನತಿಟ್ಟೇ ಸಾಕ್ಷಿ. ಆ ನಡುಗಡ್ಡೆಗಳು ಆದಿಯಿಂದ ಇದ್ದವಲ್ಲ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿದರು. ಒಡ್ಡಿನ ಹಿಂದೆ ನೀರು ನಿಂತು ಏರಿತು. ಎತ್ತರದ ನೆಲವಷ್ಟು ತಲೆ ಎತ್ತಿಕೊಂಡು ದ್ವೀಪಗಳಾಯಿತು. ಸುತ್ತ ನೀರು, ಬೆಕ್ಕು ನಾಯಿಗಳ ಕಾಟವಿಲ್ಲ, ನೀರಿನಲ್ಲಿ ಮೊಸಳೆಯ ಕಾವಲು, ದಡದಾಚೆ ಮೀನು ಕಪ್ಪೆ ತುಂಬಿದ ಬತ್ತದ ಗದ್ದೆ. ಹಕ್ಕಿಗಳು ಬಂದವು. ಅಮೆರಿಕದಲ್ಲಿ 1964ರಲ್ಲಿ ಮಾಡಿದ ಒಂದು ಕಾಯಿದೆ, ಮನುಷ್ಯ ಬಂದು ಹೋಗುವ ಅತಿಥಿಯಾಗಿ ಮಾತ್ರ ಇರುವ ನೆಲವನ್ನೇ ನಿಜವಾದ ಕಾಡೆಂದು ಕರೆಯಿತು. ಆ ಅಳತೆಗೆ ನಮ್ಮ ರಂಗನತಿಟ್ಟು ಕಾಡೇ ಅಲ್ಲ. ಅದು ನಾಲೆಗೆಂದು ಕಟ್ಟಿದ ಕಟ್ಟೆಯ ಕೂಸು. ಆ ಕೂಸಿಗೂ ರಕ್ಷಣೆ ಬೇಕೆಂದು ಯಾರಿಗೆ ತೋರಿತು? ನೋಡಿದವನಿಗೆ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದವರು ಇಲ್ಲಿ ಗೂಡು ಕಟ್ಟುವುದನ್ನು ಕಂಡು, ಅರಸರ ಸರಕಾರಕ್ಕೆ ಹೇಳಿ ಒಪ್ಪಿಸಿದರು, 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ಆ ಗೌರವ ಪಡೆದ ಕರ್ನಾಟಕದ ಮೊದಲ ತಾಣ ಅದು. ಅಲಿಯವರು ನೋಡದಿದ್ದರೆ ಆ ದ್ವೀಪಗಳ ಮರ ಯಾರ ಒಲೆಗೆ ಹೋಗುತ್ತಿತ್ತೋ. ಅವರ ನೋಟಕ್ಕೂ ನನ್ನ ಚಪ್ಪಾಳೆಗೂ ಇರುವ ಅಂತರ ದೂರದ್ದಲ್ಲ ಎಂದು ತೋರುತ್ತದೆ. ಹಕ್ಕಿ ತನ್ನ ಕೆಲಸ ಮಾಡಿಕೊಂಡಿರುವಾಗ ಅದನ್ನು ಕಾದು ನೋಡುವುದು ಒಂದು, ನನಗೆ ಬೇಕಾದ ಕೆಲಸವನ್ನು ಅದರಿಂದ ಮಾಡಿಸಿ ನೋಡುವುದು ಇನ್ನೊಂದು.

ರಂಗನತಿಟ್ಟಿನ ಅಳಿವು ಉಳಿವು ಇಂದಿಗೂ ಮೇಲಿನ ಅಣೆಕಟ್ಟೆಯ ಬಾಗಿಲುಗಳ ಕೈಯಲ್ಲಿದೆ. 2019ರ ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಬಿಟ್ಟ ನೀರಿಗೆ ದ್ವೀಪಗಳು ಮುಳುಗಿದವು. ದೋಣಿ ನಿಂತಿತು, ಪತ್ರಿಕೆಗಳಲ್ಲಿ ಪ್ರವಾಸಿಗರಿಗೆ ನಿರಾಸೆ ಎಂದು ಬಂತು. ಹಕ್ಕಿಯ ನಿರಾಸೆಯ ವರದಿಗಾರ ಯಾರು? ಹೀಗೆ ಕೊರೆದುಹೋಗುವ ದ್ವೀಪಗಳ ಅಂಚಿಗೆ ಮರಳಿನ ಚೀಲ ಜೋಡಿಸಿ ನೆಲ ಉಳಿಸುವ ಕೆಲಸ ವರ್ಷ ವರ್ಷ ನಡೆಯುತ್ತ ಬಂದಿದೆ. ಹೊತ್ತು ಹಾಕಿದವರ ಚಿತ್ರ ಯಾವ ಪ್ರವಾಸಿಯ ಸಂಗ್ರಹದಲ್ಲಿಯೂ ಇರಲಾರದು.

ನಮ್ಮ ಜಿಲ್ಲೆಯಲ್ಲಿಯೇ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಬೇಲಿಯೂ ಇಲ್ಲದೆ, ಮನೆಯಂಗಳದ ಹುಣಿಸೆಮರಗಳ ಮೇಲೆ ಇದೇ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುತ್ತವೆ. ಮರದ ಕೆಳಗೆ ನಾತ, ಮೀನಿನ ಚೂರು, ಹಿಕ್ಕೆ. ಹುಣಿಸೆಯ ಫಸಲು ಹಾಳು. ಸರಕಾರ ಫಸಲಿನ ನಷ್ಟಕ್ಕೆ ಪರಿಹಾರವೆಂದು ಒಂದಿಷ್ಟು ಕೊಡುತ್ತ ಬಂದಿದೆ. 2007ರಲ್ಲಿ ಅದಕ್ಕೆ ಸಮುದಾಯ ಮೀಸಲು ಪ್ರದೇಶವೆಂಬ ಹೆಸರೂ ಬಂತು. ಆ ಊರಿನ ಹೆಂಗಸರು ಅಂಗಳ ಗುಡಿಸುತ್ತ ತಲೆ ಎತ್ತಿ ಹಕ್ಕಿಯನ್ನು ನೋಡುವ ನೋಟವನ್ನು ನಾನು ಬಹಳ ಹೊತ್ತು ಗಮನಿಸಿದ್ದೇನೆ. ಅದರಲ್ಲಿ ರಸಾನಂದವಿಲ್ಲ. ಬಾಡಿಗೆ ಕೊಡದ ಬಾಡಿಗೆದಾರನನ್ನು ನೋಡುವಂತೆ ನೋಡುತ್ತಾರೆ. ಆದರೆ ಹಕ್ಕಿ ಬಾರದ ವರ್ಷ ಅವರೇ ಮೊದಲು ಕೇಳುವುದು, ಯಾಕೆ ಬರಲಿಲ್ಲ ಎಂದು.

ರಂಗನತಿಟ್ಟಿಗೆ ಮರುದಿನ ಹೋಗಿಬಂದೆವು. ಸೋದರಳಿಯನ ಆರು ವರ್ಷದ ಮಗಳು ದೋಣಿಯಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು. ಅಲ್ಲಿನ ಶಾಲೆ ಕಲಿಸಿದ್ದಂತೆ. ಹಿಂದಿನ ದೋಣಿಯ ಗುಂಪೊಂದು ಕೂಗಿಕೊಂಡಾಗ ಅವಳು ನನ್ನತ್ತ ತಿರುಗಿ ಹುಬ್ಬು ಗಂಟಿಕ್ಕಿದಳು. ನಾನು ನೀರನ್ನು ನೋಡತೊಡಗಿದೆ. ಸಂಜೆ ಅವಳ ಅಪ್ಪನಿಗೆ ಚಪ್ಪಾಳೆಯ ಕಥೆಯನ್ನೆಲ್ಲ ಹೇಳಿದೆ. ಹೆಂಡತಿಗೂ ಅದುವರೆಗೆ ಹೇಳಿರಲಿಲ್ಲ. ಅವನು, "ಆಗ ನಿಮಗೆ ಗೊತ್ತಿರಲಿಲ್ಲ ಮಾವ" ಎಂದ. ಅದು ಸರಿಯಲ್ಲ. ಕಾಗೆಯನ್ನು ನೋಡಿದ ಕ್ಷಣದಲ್ಲಿ ನನಗೆ ಗೊತ್ತಿತ್ತು.

ಆ ವಿದ್ಯಾರ್ಥಿನಿ ಈಗ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ಹಬ್ಬಗಳಲ್ಲಿ ನನಗೆ ಶುಭಾಶಯ ಕಳಿಸುತ್ತಾಳೆ. ಮಕ್ಕಳನ್ನು ಪ್ರವಾಸ ಕರೆದೊಯ್ದ ಚಿತ್ರಗಳನ್ನೂ ಕಳಿಸುತ್ತಾಳೆ. ಈ ವಾರ ಅವಳಿಗೆ ಒಂದು ಕಾಗದ ಬರೆದೆ: ಅದು ಕಡ್ಡಿಯಲ್ಲ, ಮೊಟ್ಟೆ ಎಂದು. ಉತ್ತರ ಎರಡೇ ಸಾಲು ಬಂತು. ತನಗೆ ಅಂದೇ ಗೊತ್ತಿತ್ತಂತೆ. ಮೇಷ್ಟರು ನೊಂದಾರೆಂದು ಮತ್ತೆ ಕೇಳಲಿಲ್ಲವಂತೆ.

ಇನ್ನು ನವಿಲಿನ ಮಾತು ಉಳಿಯಿತು. ನಾನು ಹುಟ್ಟಿದ ಊರು ನಾಗಮಂಗಲ ತಾಲ್ಲೂಕಿನಲ್ಲಿ, ಆದಿಚುಂಚನಗಿರಿಗೆ ಹೆಚ್ಚು ದೂರವಲ್ಲದ ಒಂದು ಹಳ್ಳಿ. ಅಣ್ಣ ಅಲ್ಲಿಯೇ ಇದ್ದಾನೆ. ಎರಡೂವರೆ ಎಕರೆ ಹೊಲ ಮಾಡಿಸುತ್ತಾನೆ. ಬೆಟ್ಟ ನವಿಲುಧಾಮವಾದದ್ದು 1981ರಲ್ಲಿ. ನವಿಲು 1963ರಿಂದ ರಾಷ್ಟ್ರಪಕ್ಷಿ. ಕೊಲ್ಲುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ. ಅದು ಸರಿಯೇ. ಆದರೆ ಧಾಮದ ಗಡಿ ನವಿಲಿಗೆ ತಿಳಿಯದು. ನನ್ನ ಮಕ್ಕಳು ಚಿಕ್ಕವರಾಗಿದ್ದಾಗ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಕಾಲಭೈರವೇಶ್ವರನ ದರ್ಶನ ಮಾಡಿಸಿ, ಬಂಡೆಗಳ ನಡುವೆ ಗರಿ ಬಿಚ್ಚಿದ ನವಿಲನ್ನು ತೋರಿಸಿ, ಸಂತೋಷದಿಂದ ಅಣ್ಣನ ಮನೆಗೆ ಊಟಕ್ಕೆ ಬಂದೆವು. ಮಕ್ಕಳು ಕುಣಿದು ತೋರಿಸಿದರು. ಅತ್ತಿಗೆ ಮುದ್ದೆ ಬಡಿಸುತ್ತ, "ಬೀಜ ಊರಿದ ಮೂರನೇ ದಿನಕ್ಕೆ ಇಲ್ಲಿಗೂ ಬತ್ತವೆ ಕಣಪ್ಪ, ಇಸ್ಕೂಲ್ ಮಕ್ಳಂಗೆ ಸಾಲು ಹಿಡ್ಕಂಡು" ಎಂದರು. ಅಣ್ಣ ನಕ್ಕ. "ನಿನ್ನ ಮಕ್ಳು ನೋಡ್ಲಿ, ನಾನು ಬ್ಯಾಡ ಅನ್ನಲ್ಲ. ಆದ್ರೆ ಅದು ಅಲ್ಲಿ ಕುಣೀಬೇಕಾದ್ರೆ ಬೆಳಗ್ಗೆ ಇಲ್ಲಿ ತಿಂದಿರ್ತದೆ ಕಣೋ."

ಆ ಮಾತು ಮನಸ್ಸಿನಲ್ಲಿ ಉಳಿದಿತ್ತು. ಕುರಿಯ ಮುದುಕನಿಗೆ ನಾನು ಏನೂ ಮಾಡಲಾರೆ, ಆತನ ಊರೂ ಕೇಳಲಿಲ್ಲ. ಸ್ವಂತ ಅಣ್ಣನಿಗಾದರೂ ಬಾಕಿ ತೀರಿಸೋಣವೆಂದು ಈ ಸಲ ಸೋದರಳಿಯನ ಸಂಸಾರವನ್ನು ಕರೆದುಕೊಂಡು ಹೋದಾಗ ಬೀಜದ ಖರ್ಚಿಗೆಂದು ಒಂದಿಷ್ಟು ಹಣ ಅವನ ಕೈಗಿಡಲು ಹೋದೆ. ಅಣ್ಣನಿಗೆ ಕೋಪ ಬಂತು. "ನವಿಲು ತಿಂದದ್ದಕ್ಕೆ ನಿನ್ನತ್ರ ಬಿಲ್ ಕಳಿಸಿದ್ನಾ ನಾನು?" ಎಂದ. ಸ್ವಲ್ಪ ಹೊತ್ತು ಮಾತಿಲ್ಲದೆ ಎಲೆಯಡಿಕೆ ಹಾಕಿಕೊಂಡು, ಆಮೇಲೆ ತಾನೇ ಹೇಳಿದ: "ದುಡ್ ಬ್ಯಾಡ. ನಿನ್ನ ಹೆಂಡ್ತಿತಾವ ಹಳೇ ಸೀರೆ ಇದ್ರೆ ಕಳಿಸು. ಹೊಲದ ಸುತ್ತ ಕಟ್ಟಿದ್ರೆ ಹಂದೀನೂ ಬರಲ್ಲ, ನವಿಲೂ ವಸಿ ಹಿಂಜರೀತದೆ."

ಹದಿಮೂರು ಸೀರೆ ಕಳಿಸಿದೆವು. ಒಂದೆರಡನ್ನು ಕೊಡಲು ನನ್ನ ಹೆಂಡತಿಗೆ ಮನಸ್ಸೇ ಬರಲಿಲ್ಲ. ಕಟ್ಟು ಬಿಚ್ಚಿ ತೆಗೆದಿಟ್ಟುಕೊಂಡು, ಮತ್ತೆ ಹಾಕಿದಳು. ಮೊನ್ನೆ ಊರಿಗೆ ಹೋಗಿದ್ದೆ. ಬಸ್ಸಿಳಿದು ಕಾಲುದಾರಿ ಹಿಡಿದರೆ ದೂರದಿಂದಲೇ ಹೊಲ ಕಾಣಿಸಿತು, ನೇರಳೆ ಅಂಚಿನ ಮೈಸೂರು ಸಿಲ್ಕಿನದೊಂದು, ಹಸಿರು ಇಳಕಲ್ಲಿನದೊಂದು, ಗೂಟದಿಂದ ಗೂಟಕ್ಕೆ ಗಾಳಿಯಲ್ಲಿ ಉಬ್ಬುತ್ತಿದ್ದವು. ಒಳಗೆ ಅಲಸಂದೆ ಎರಡೆಲೆ ಬಿಟ್ಟಿತ್ತು. ಹೊರಗೆ, ಬದುವಿನ ಮೇಲೆ, ಒಂದು ಹೆಣ್ಣು ನವಿಲು ಮೂರು ಮರಿ ಕಟ್ಟಿಕೊಂಡು, ಕತ್ತು ನೀಡಿ ಸೀರೆಗಳನ್ನು ನೋಡುತ್ತಿತ್ತು. ನಾನು ಅಲ್ಲಿಯೇ, ಹುಣಿಸೆಮರದ ಹತ್ತಿರ ನಿಂತೆ. ಅದು ಹೋಗುವವರೆಗೂ ದಾರಿ ಬಿಟ್ಟು ನಿಂತಿದ್ದು, ಆಮೇಲೆ ಮನೆಗೆ ನಡೆದೆ.